ಜರ್ನಲಿಸಂ ಎಂಎ ಮುಗೀತಾ ಬಂತು, ಬರವಣಿಗೇಲೇ ಮುಂದುವರಿಯೋದು ಹೇಗೆ?

ಮುಳುಗಡೆ_ಹುಡುಗಿ:

ಎಲ್ರಿಗೂ ನಮಸ್ಕಾರ. ನಾನು ಶಂಕರಘಟ್ಟದಲ್ಲಿ, ಅಂದ್ರೆ ಕುವೆಂಪು ವಿವಿಲಿ ಜರ್ನಲಿಸಂ ಎಂಎ ಮಾಡ್ತಿದೀನಿ, ಕೊನೇ ಸೆಮ್ಮು. ಊರು ಸಾಗರ ತಾಲ್ಲೂಕು. ಡಿಸರ್ಟೇಶನ್ ಬೈಂಡಿಂಗಿಗೆ ಕೊಟ್ಟಾಯ್ತು, ವೈವಾ ಒಂದು ಮುಗುದ್ರೆ ಹಾಸ್ಟೆಲ್ ಖಾಲಿ ಮಾಡ್ಬೇಕು, ಆಮೇಲೆ ಎಲ್ಲಿಗೆ ಅನ್ನೋದೇ ಗೊತ್ತಾಗ್ತಿಲ್ಲ.

ನಂಗೆ ಬರೀಬೇಕು. ಪಿಯುಸಿಯಿಂದ ಇರೋ ಆಸೆ ಇದು, ಈಗ್ಲೂ ಕಮ್ಮಿ ಆಗಿಲ್ಲ. ಆಂಕರ್ ಆಗೋದು ಬೇಡ, ಕ್ಯಾಮೆರಾ ಮುಂದೆ ನಿಲ್ಲೋದೂ ಬೇಡ, ಜನರ ಹತ್ರ ಹೋಗಿ ಕೂತು ಮಾತಾಡಿ ಬಂದು ಸಾವಕಾಶವಾಗಿ ಬರಿಯೋ ಕೆಲಸ ಬೇಕು. ಈ ಎರಡು ವರ್ಷದಲ್ಲಿ ಅಜೆಂಡಾ ಸೆಟ್ಟಿಂಗ್ ಥಿಯರಿ ಓದಿದೀವಿ, 1843ರ ಮಂಗಳೂರ ಸಮಾಚಾರದಿಂದ ಹಿಡಿದು ಪತ್ರಿಕಾ ಇತಿಹಾಸ ಪೂರ್ತಿ ಓದಿದೀವಿ, ಪ್ರಯೋಗ ಪತ್ರಿಕೆಗೆ ಪೇಜೂ ಮಾಡಿದೀವಿ, ಆದ್ರೆ ಒಂದು ಲೇಖನ ಯಾರಿಗೆ ಹೆಂಗೆ ಕಳಿಸ್ಬೇಕು, ದುಡ್ಡು ಎಷ್ಟು ಅಂತ ಕೇಳ್ಬಹುದಾ ಕೇಳ್ಬಾರ್ದಾ, ಇದನ್ನ ಯಾರೂ ಹೇಳ್ಕೊಟ್ಟಿಲ್ಲ. ಇಲ್ಲಿವರೆಗೆ ಪ್ರಿಂಟಲ್ಲಿ ಬಂದಿರೋದು ಅಂದ್ರೆ ಓದುಗರ ಪತ್ರ ಕೆಲವು, ಜಿಲ್ಲಾ ಪತ್ರಿಕೆಲಿ ಒಂದು ಲೇಖನ, ಅಷ್ಟೇ.

ಬೆಂಗಳೂರಲ್ಲಿ ಒಂದು ಚಾನೆಲ್ಲಿಂದ ಕರೆ ಬಂದಿದೆ, ಸ್ಕ್ರಿಪ್ಟ್ ಡೆಸ್ಕು, ನೈಟ್ ಶಿಫ್ಟು. ಅವರು ಹೇಳ್ತಿರೋ ಸಂಬಳದಲ್ಲಿ ಪಿಜಿ ಬಾಡಿಗೆ, ಬಸ್ ಪಾಸು ತೆಗೆದ್ರೆ ಮನೆಗೆ ಕಳ್ಸೋಕೆ ಏನೂ ಉಳಿಯಲ್ಲ. ಕ್ಲಾಸ್‌ಮೇಟ್ಸಲ್ಲಿ ಅರ್ಧ ಜನ ಎಫ್‌ಡಿಎ, ಕೆಸೆಟ್ ಅಂತ ಸರ್ಕಾರಿ ಹುದ್ದೆ, ಲೆಕ್ಚರರ್ ಪರೀಕ್ಷೆಗೆ ಓದ್ತಾ ಕೂತಿದಾರೆ, ಅಮ್ಮಂದೂ ಅದೇ ಮಾತು. ಅಪ್ಪ ಮಾತ್ರ ನಿನ್ನಿಷ್ಟ ಅಂದಿದಾರೆ, ಅವರು ಹಾಗಂದಿರೋದಕ್ಕೇ ನಂಗೆ ಜಾಸ್ತಿ ಭಯ ಆಗ್ತಿದೆ. ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ, ಮಾತಾಡೋಕೆ ಕಷ್ಟ.

ಈ ಫೀಲ್ಡಲ್ಲಿ ಇರೋ ಅಣ್ಣಂದಿರು ಅಕ್ಕಂದಿರು ದಯವಿಟ್ಟು ಹೇಳಿ. ಚಾನೆಲ್ ಸೇರ್ಲಾ, ಪೇಪರ್ ಟ್ರೈ ಮಾಡ್ಲಾ, ಊರಲ್ಲೇ ಇದ್ದು ಬರೀಲಾ?

ರಾತ್ರಿಪಾಳಿ_ಡೆಸ್ಕ್:

ಪೇಪರ್ ಟ್ರೈ ಮಾಡಿ, ಅದ್ರಲ್ಲೂ ಡೆಸ್ಕ್, ಅಂದ್ರೆ ಆಫೀಸಲ್ಲಿ ಕೂತು ಕಾಪಿ ತಿದ್ದೋ ಕೆಲಸ. ನಾನು ಕನ್ನಡ ದಿನಪತ್ರಿಕೆ ಒಂದ್ರಲ್ಲಿ ಸುಮಾರು ವರ್ಷದಿಂದ ಡೆಸ್ಕಲ್ಲಿದೀನಿ, ಅದಕ್ಕೇ ಹೇಳ್ತಿದೀನಿ.

ಟ್ರೈನಿ ಸಬ್ ಎಡಿಟರ್ ಟೆಸ್ಟ್ ಅಂದ್ರೆ ಏನಿರುತ್ತೆ ಅಂತ ಮೊದ್ಲು ತಿಳ್ಕೊಳ್ಳಿ. ಪಿಟಿಐ ಅನ್ನೋ ಸುದ್ದಿಸಂಸ್ಥೆಯ ಇಂಗ್ಲಿಷ್ ಕಾಪಿ ಒಂದೆರಡು ಕೊಡ್ತಾರೆ, ಕನ್ನಡಕ್ಕೆ ತರ್ಬೇಕು. ತಪ್ಪು ತುಂಬಿರೋ ತಾಲ್ಲೂಕು ವರದಿ ಒಂದು ಕೊಡ್ತಾರೆ, ತಿದ್ದಿ ಅರ್ಧಕ್ಕೆ ಇಳಿಸಿ ಹೆಡ್‌ಲೈನ್ ಕೊಡ್ಬೇಕು. ಪ್ರಚಲಿತ ವಿದ್ಯಮಾನ ಒಂದಿಷ್ಟು. ನಿಮ್ಮ ಎಂಎ ಪರ್ಸೆಂಟೇಜ್ ಯಾರೂ ಅಷ್ಟಾಗಿ ನೋಡಲ್ಲ. ಇಂಗ್ಲಿಷ್ ಮಾತಾಡಕ್ಕೆ ಬರಲ್ಲ ಅನ್ನೋದು ಇಲ್ಲಿ ಸಮಸ್ಯೆನೇ ಅಲ್ಲ, ಆದ್ರೆ ಓದಿ ಸರಿಯಾಗಿ ಅರ್ಥ ಮಾಡ್ಕೊಳ್ಳೋಕೆ ಬರ್ಲೇಬೇಕು, ಯಾಕಂದ್ರೆ ಹೈಕೋರ್ಟ್ ಆದೇಶ, ಸಿಎಜಿ ವರದಿ, ಕೇಂದ್ರದ ಮಸೂದೆ ಎಲ್ಲಾ ಇಂಗ್ಲಿಷಲ್ಲೇ ಬರೋದು, ರಾತ್ರಿ ಡಾಕ್ ಎಡಿಷನ್ (ದೂರದ ಊರಿಗೆ ಬೇಗ ಅಚ್ಚಾಗೋ ಆವೃತ್ತಿ) ಹೋಗೋ ಹೊತ್ತಿಗೆ ಅದು ಕನ್ನಡದಲ್ಲಿ ರೆಡಿ ಇರ್ಬೇಕು. ಇವತ್ತಿಂದಾನೇ ದಿನಾ ಒಂದು ಇಂಗ್ಲಿಷ್ ಸುದ್ದಿ ಪೂರ್ತಿ ಓದಿ, ಮುಚ್ಚಿಡಿ, ನಿಮ್ಮಮ್ಮಂಗೆ ಹೇಳೋ ಹಾಗೆ ಬರೀರಿ, ಆಮೇಲೆ ಅಂಕಿ, ಹೆಸರು ಮಾತ್ರ ಮೂಲದ ಜೊತೆ ಹೋಲಿಸಿ. ವಾಕ್ಯ ವಾಕ್ಯ ಇಟ್ಕೊಂಡು ಭಾಷಾಂತರ ಮಾಡೋರು ಟೆಸ್ಟಲ್ಲೇ ಗೊತ್ತಾಗಿಬಿಡ್ತಾರೆ.

ಬರೀಬೇಕು ಅನ್ನೋರಿಗೆ ಡೆಸ್ಕ್ ಯಾಕೆ ಅಂತ ಕೇಳ್ಬಹುದು. ಬೇರೆಯವರ ಕಾಪಿ ದಿನಾ ತಿದ್ದಿದಾಗ, ಯಾವ ವಾಕ್ಯ ಇಲ್ದಿದ್ರೂ ನಡಿಯುತ್ತೆ ಅನ್ನೋದು ಕಣ್ಣಿಗೆ ತಾನೇ ಬೀಳೋಕೆ ಶುರುವಾಗುತ್ತೆ. ಅಂಕಿ ವಿಷಯದಲ್ಲಿ ಹೆದರಿಕೆ ಬರುತ್ತೆ, ಅದೂ ಒಳ್ಳೇದೇ. ಮಳೆಗಾಲದಲ್ಲಿ ನಿಮ್ಮ ಕಡೆ ಎಡಿಷನ್ನಲ್ಲಿ ಜಲಾಶಯ ಮಟ್ಟದ್ದು ಪುಟ್ಟ ಬಾಕ್ಸ್ ಹಾಕ್ತೀವಲ್ಲ, ಲಿಂಗನಮಕ್ಕಿ ಗರಿಷ್ಠ 1819 ಅಡಿ, ಭದ್ರಾ 186 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಅಂತ, ಭದ್ರಾ ಅಚ್ಚುಕಟ್ಟಿನ ರೈತ ಪೇಪರ್ ಬಿಚ್ಚಿದ ತಕ್ಷಣ ನೋಡೋದು ಅದನ್ನೇ. ಅಲ್ಲಿ ಒಂದಂಕಿ ಹೆಚ್ಚುಕಮ್ಮಿ ಆದ್ರೆ ಬೆಳಿಗ್ಗೆ ಆರಕ್ಕೇ ಆಫೀಸಿಗೆ ಫೋನು. ಮೊದಲ ಪುಟದ ರಾಜಕೀಯ ಸುದ್ದಿಗೆ ಅಷ್ಟು ಜನ ಫೋನ್ ಮಾಡಲ್ಲ. ಓದುಗರು ಯಾರು, ಅವರಿಗೆ ಏನು ಬೇಕು ಅನ್ನೋದು ನಂಗೆ ಗೊತ್ತಾಗಿದ್ದು ಆ ಫೋನುಗಳಿಂದ.

ಎರಡು ವರ್ಷ ಡೆಸ್ಕ್ ಮಾಡಿ, ಆಮೇಲೆ ಬೀಟ್ (ಒಂದು ಕ್ಷೇತ್ರದ ವರದಿಗಾರಿಕೆ) ಕೇಳಿ, ಇಲ್ಲಾಂದ್ರೆ ಪುರವಣಿಗೆ ಹೋಗಿ. ರಜೆ ದಿನ ನಿಮ್ಮದೇ ಬರವಣಿಗೆ ಮಾಡಿ, ಅದನ್ನ ಮಾತ್ರ ಬಿಡ್ಬೇಡಿ.

ಚಾನೆಲ್_ಬಿಟ್ಟವಳು:

ತಂಗಿ, ಮೇಲಿನವರು ಹೇಳಿದ್ದು ಸರಿನೇ, ಆದ್ರೆ ಎಲ್ರಿಗೂ ಪೇಪರಲ್ಲಿ ಜಾಗ ಸಿಗಲ್ಲ, ಕರೆ ಬಂದಿರೋದು ಚಾನೆಲ್ಲಿಂದ ತಾನೆ, ಅದ್ರ ಬಗ್ಗೆ ಹೇಳ್ತೀನಿ. ನಾನು ಅಲ್ಲಿ ಪ್ಯಾಕೇಜ್ ಸ್ಕ್ರಿಪ್ಟ್, ಟಿಕ್ಕರ್, ಬುಲೆಟಿನ್ ಎಲ್ಲಾ ಮಾಡಿದೀನಿ. ಸ್ಪೀಡ್ ಬರುತ್ತೆ, ಅದು ನಿಜ. ವಿಶುವಲ್ ಏನಿದೆ ಅಂತ ನೋಡಿ ಅದಕ್ಕೆ ತಕ್ಕ ಹಾಗೆ ವಾಯ್ಸ್ ಓವರ್ ಬರಿಯೋದು, ಕಿವಿಗೆ ಕೇಳೋ ಹಾಗೆ ಚಿಕ್ಕ ವಾಕ್ಯ ಮಾಡೋದು, ಇದು ಎಲ್ಲಿ ಹೋದ್ರೂ ಉಪಯೋಗಕ್ಕೆ ಬರುತ್ತೆ. ಆದ್ರೆ ನೀನು ಹೇಳ್ತಿರೋ ಥರ ಜನರ ಹತ್ರ ಕೂತು ಮಾತಾಡೋದು ಅಲ್ಲಿಲ್ಲ, ಡೆಸ್ಕಲ್ಲಿ ಕೂತು ಬೇರೆಯವರು ರೆಕಾರ್ಡ್ ಮಾಡ್ಕೊಂಡು ಬಂದ ಮಾತು, ಅಂದ್ರೆ ಬೈಟ್, ಕೇಳ್ಕೊಂಡು ಬರಿಯೋದು. ಒಂದು ಕಡೆ ಸಂಬಳ ತಿಂಗಳುಗಟ್ಲೆ ತಡ ಆಯ್ತು, ಕೇಳಿದ್ರೆ ಎಲ್ರಿಗೂ ಹಾಗೇ ಅಂತಿದ್ರು, ನಾನು ಬಿಟ್ಟೆ.

ಸೇರೋದಾದ್ರೆ ಆಫರ್ ಲೆಟರ್ ಕೈಗೆ ಬರೋವರೆಗೂ ಬೆಂಗಳೂರಿಗೆ ಬಸ್ ಹತ್ಬೇಡ. ಅದ್ರಲ್ಲಿ ನೋಡ್ಬೇಕಾದ್ದು, ನಿನ್ನನ್ನ ನೌಕರಿಗೆ ತಗೊಳ್ತಿದಾರಾ ಇಲ್ಲ ಕನ್ಸಲ್ಟೆಂಟ್ ಅಂತ ಕಾಂಟ್ರ್ಯಾಕ್ಟ್ ಮಾಡ್ತಿದಾರಾ. ನೌಕರಿ ಅಂದ್ರೆ ಪಿಎಫ್ ಇರುತ್ತೆ, ಸಂಬಳ ಕಮ್ಮಿ ಇದ್ರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಸಿಗ್ಬೇಕು. ಕನ್ಸಲ್ಟೆಂಟ್ ಅಂದ್ರೆ ಅದ್ಯಾವ್ದೂ ಇಲ್ಲ, ಬರೋ ದುಡ್ಡಲ್ಲಿ 10 ಪರ್ಸೆಂಟ್ ಟಿಡಿಎಸ್ ಅಂತ ತೆರಿಗೆ ಮುಂಚೆನೇ ಹಿಡೀತಾರೆ, ಆದಾಯ ತೆರಿಗೆ ಮಿತಿಯೊಳಗಿದ್ದು ರಿಟರ್ನ್ ಫೈಲ್ ಮಾಡಿದ್ರೆ ಅದು ವಾಪಸ್ ಬರುತ್ತೆ, ಫೈಲ್ ಮಾಡಿಲ್ಲ ಅಂದ್ರೆ ಹೋಯ್ತು. ಬಾಂಡ್ ಅಂತ ಏನಾದ್ರೂ ಬರೆಸ್ಕೊಂಡ್ರೆ ಪೂರ್ತಿ ಓದ್ದೇ ಸಹಿ ಹಾಕ್ಬೇಡ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರು ಕೇಳಿದ್ರೂ ಕೊಡ್ಬೇಡ, ತೋರ್ಸು, ಜೆರಾಕ್ಸ್ ಕೊಡು, ವಾಪಸ್ ತಗೋ. ಇದು ತುಂಬಾ ಮುಖ್ಯ.

ಈಗ ನಾನು ಲೋಕಲೈಸೇಷನ್ ಮಾಡ್ತೀನಿ, ಬ್ಯಾಂಕ್ ಆಪು, ಶಾಪಿಂಗ್ ಆಪುಗಳಲ್ಲಿ ಬರೋ ಕನ್ನಡ. ನಮ್ಮಜ್ಜಿ ಥರದೋರು ಹಣ ಕಳ್ಸೋವಾಗ ಹೆದರ್ದೇ ಒತ್ತೋ ಹಾಗೆ ಆ ಎರಡು ಸಾಲು ಇರ್ಬೇಕು, ಅದೂ ಬರವಣಿಗೆನೇ, ನಂಗೆ ಅದ್ರಲ್ಲಿ ಖುಷಿ ಇದೆ. ಸಂಬಳ ಟೈಮಿಗೆ ಬರುತ್ತೆ, ಭಾನುವಾರ ನನ್ನದು, ಆಗ ಕಥೆ ಬರೀತೀನಿ. ಆಡಿಯೋ ಕಥೆಗಳ ಸ್ಕ್ರಿಪ್ಟು, ಸೀರಿಯಲ್ ಸಂಭಾಷಣೆ, ಎನ್‌ಜಿಒಗಳ ದಾಖಲಾತಿ ಕೆಲಸ, ಇವೂ ಇದಾವೆ. ಪತ್ರಕರ್ತೆ ಆಗೋದೂ ಬರವಣಿಗೇಲಿ ಬದುಕೋದೂ ಎರಡೂ ಒಂದೇ ಅಂತ ಅಂದ್ಕೊಂಡು ಕೂತ್ರೆ ದಾರಿ ಕಮ್ಮಿ ಆಗುತ್ತೆ.

ಸಾಧನಕೇರಿ:

ನಮಸ್ಕಾರ್ರಿ. ನಾ ಧಾರವಾಡದಾವ, ಫ್ರೀಲಾನ್ಸ್ ಬರೀತೇನಿ, ಜೋಡಿಗೆ ಭಾಷಾಂತರದ ಕೆಲಸಾನೂ ಮಾಡ್ತೇನಿ, ಯಾಕಂದ್ರ ಬರೇ ಲೇಖನದ ಗೌರವಧನದ ಮ್ಯಾಲೆ ಮನಿ ನಡ್ಯೂದಿಲ್ಲ, ಇದನ್ನ ಮೊದಲ ಸ್ಪಷ್ಟ ಹೇಳಿಬಿಡ್ತೇನಿ. ಲೇಖನ ಛಾಪಾಗಿ ತಿಂಗಳಾದ ಮ್ಯಾಲೆ ರೊಕ್ಕ ಬರತೈತಿ, ಕೆಲವು ಕಡೆ ಬರೂದ ಇಲ್ಲ. ಕೇಳೂದು ತಪ್ಪೇನಲ್ಲ, ಲೇಖನ ಒಪ್ಪಿದ ದಿನಾನ ಗೌರವಧನ ಎಷ್ಟು, ಯಾವಾಗ ಅಂತ ಮೇಲ್‌ನ್ಯಾಗ ಕೇಳ್ರಿ.

ಆದ್ರ ನೀವು ಮೂರೂ ದಾರಿ ಕೇಳೀರಿ, ನಿಮ್ಮ ಕಡೆ ಏನು ಐತಿ ಅಂತ ಹೇಳೇ ಇಲ್ಲ. ನಿಮ್ಮ ಹೆಸರಿನ್ಯಾಗ ಮುಳುಗಡೆ ಅಂತ ಐತಿ. ನೀವು ಓದೂ ಕ್ಯಾಂಪಸ್ಸಿನ ಬಾಜೂಕ ಭದ್ರಾ ಡ್ಯಾಮು, ಆ ಕಡೆ ಭದ್ರಾವತಿಯೊಳಗ 1923ರಾಗ ಶುರುವಾದ ಕಬ್ಬಿಣದ ಕಾರ್ಖಾನೆ, ಅಲ್ಲಿಯ ಗುತ್ತಿಗೆ ಕಾರ್ಮಿಕರ ಪರಿಸ್ಥಿತಿ ಏನಾಗೇತಿ. 1957ರಾಗ ಮಂಗನ ಕಾಯಿಲೆ ಮೊದಲ ಸಿಕ್ಕಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಾಗ, ಇವತ್ತಿಗೂ ಬ್ಯಾಸಿಗಿ ಬಂದ್ರ ನಿಮ್ಮ ಕಡೆ ಮಂದಿ ಅಂಜತಾರ. ಅಡಿಕಿಗೆ ಎಲೆಚುಕ್ಕಿ ರೋಗ ಬಂದೈತಿ. ಬೆಂಗಳೂರಿಂದ ಬರೂ ವರದಿಗಾರ ಒಂದ ದಿನ ಬಂದು ಒಂದ ಬೈಟ್ ತಗೊಂಡು ಹೋಗ್ತಾನ. ನಿಮಗ ಅಲ್ಲಿ ಭಾಷಾ ಗೊತ್ತು, ಯಾರ ಮನಿಗೆ ಯಾವಾಗ ಹೋಗಬೇಕು ಅನ್ನೂದೂ ಗೊತ್ತು. ಇಂಥಾ ವಿಷಯದ ಮ್ಯಾಲೆ ಗಟ್ಟಿಯಾಗಿ ಬರೆದ ನಾಕು ಲೇಖನ ಕೈಯಾಗ ಇಟ್ಕೊಂಡು ಹ್ವಾದ್ರ ಯಾವ ಸಂಪಾದಕರೂ ಕೂಡಿಸಿ ಮಾತಾಡಸ್ತಾರ.

ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕೂದು ಕಲೀರಿ. 10 ರೂಪಾಯಿ ಶುಲ್ಕ, 30 ದಿನದಾಗ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಯೊಳಗ ಒಂದ ವಿಷಯ, 150 ಪದದ ಒಳಗ ಅಂತ ಐತಿ, ಹೆಚ್ಚಿಗಿ ಬರದ್ರ ಅದನ್ನ ನೆವ ಮಾಡಿ ತಿರಸ್ಕಾರ ಮಾಡ್ತಾರ. ಮತ್ತ ಯಾಕ ಅಂತ ಕೇಳಬ್ಯಾಡ್ರಿ, ದಾಖಲಿ ಕೇಳ್ರಿ, ಇಂಥಾ ಫೈಲಿನ ಪ್ರತಿ ಕೊಡ್ರಿ ಅಂತ.

ಇನ್ನೊಂದು, ಹಕ್ಕಿನ ಮಾತು. ನೀವು ಹೊರಗಿದ್ದು ಬರೆದ ಲೇಖನದ ಹಕ್ಕು 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನಿಮ್ಮದ, ಲಿಖಿತದಾಗ ಸಹಿ ಮಾಡಿ ಕೊಟ್ರ ಮಾತ್ರ ಇನ್ನೊಬ್ರಿಗೆ ಹೋಗತೈತಿ. ಪತ್ರಿಕೆಯೊಳಗ ನೌಕರಿ ಮಾಡ್ಕೋತ ಬರೆದದ್ದಕ್ಕೂ, ಪತ್ರಿಕೆಯೊಳಗ ಛಾಪಿಸೂ ಹಕ್ಕು ಮಾಲೀಕರದು, ಕರಾರಿನ್ಯಾಗ ಬ್ಯಾರೆ ಬರೀದಿದ್ರ ಉಳಿದ ಹಕ್ಕು ನಿಮ್ಮದು. ಮುಂದ ಪುಸ್ತಕ ಮಾಡೂ ವಿಚಾರ ಇದ್ದವರು ಇದನ್ನ ನೆನಪಿಡಬೇಕು, ಸಹಿ ಹಾಕೂಮುಂದ ಆ ಸಾಲು ಹುಡುಕಿ ಓದ್ರಿ.

ಪುತ್ತೂರಿನ ಅಡಿಕೆ ಪತ್ರಿಕೆ ನೋಡೀರೇನು? 1988ರಿಂದ ಬರ್ತೈತಿ, ಕೃಷಿಕರ ಕೈಗೆ ಲೇಖನಿ ಅಂತ ಅದರ ಧ್ಯೇಯ. ಪಿ. ಸಾಯಿನಾಥ್ ಅವರು 2014ರಾಗ ಶುರು ಮಾಡಿದ, ಹಳ್ಳಿ ಬದುಕಿನ ವರದಿಗಳ ವೆಬ್‌ಸೈಟ್ ‘ಪರಿ’ (PARI) ಕನ್ನಡದಾಗೂ ಬರತೈತಿ. ಇವೆರಡರ ಹಳೇ ಲೇಖನ ಓದ್ರಿ, ಒಂದು ಹಳ್ಳಿ ಸುದ್ದಿಯೊಳಗ ಎಷ್ಟು ಮಂದಿನ್ನ ಮಾತಾಡ್ಸ್ಯಾರ ಅಂತ ಎಣಿಸ್ಕೋತ ಓದ್ರಿ.

ಮುಳುಗಡೆ_ಹುಡುಗಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲಾ ಬರೀತೀರಾ ಅಂತ ಅಂದ್ಕೊಂಡಿರ್ಲಿಲ್ಲ. ಹೌದು ಸರ್, ನಮ್ಮಜ್ಜನ ಮನೆಯವರು ಮುಳುಗಡೆಯವರು, 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಊರು ಮುಳುಗಿ ಎದ್ದು ಬಂದೋರು. ಜಮೀನಿನ ಕಾಗದ ಪತ್ರದ ವಿಷಯ ಮನೇಲಿ ಇವತ್ತಿಗೂ ಬರುತ್ತೆ. ಆದ್ರೆ ಇದು ನಮ್ಮನೆ ವಿಷಯ ಅಲ್ವಾ, ಇದನ್ನ ಹೆಂಗೆ ಬರಿಯೋದು ಅಂತ ಯಾವತ್ತೂ ಬರೆದಿಲ್ಲ.

ನಂಗೆ ಇನ್ನೊಂದು ತಲೇಲಿ ಇದೆ. ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಓಪನ್ ಆಯ್ತಲ್ಲ, ಎಲ್ಲಾ ಕಡೆ ಡ್ರೋನ್ ವಿಡಿಯೋನೇ. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ಅದು ಎಷ್ಟು ದೊಡ್ಡದು ಅಂತ ನಂಗೆ ಗೊತ್ತು, ರಾತ್ರಿ ಹೆರಿಗೆ ನೋವು ಬಂದ್ರೆ ಬೆಳಿಗ್ಗೆ ಲಾಂಚ್ ಬರೋವರೆಗೂ ಕಾಯ್ಬೇಕಿತ್ತು. ಆದ್ರೆ ಈಚೆ ದಡದ ಹೊಳೆಬಾಗಿಲಲ್ಲಿ ಲಾಂಚ್ ಕಾಯೋರನ್ನ ನಂಬ್ಕೊಂಡು ಅಂಗಡಿ ಇಟ್ಟಿದ್ದೋರು, ಆಚೆ ದಡದಿಂದ ದೇವಸ್ಥಾನಕ್ಕೆ ಜೀಪ್ ಹೊಡೀತಿದ್ದೋರು, ಅವರ ಬಗ್ಗೆ ಬರೀಬೇಕು ಅಂತ ಇದೆ. ಇದನ್ನ ಯಾರಿಗಾದ್ರೂ ಕಳಿಸ್ಬಹುದಾ? ಹೆಂಗೆ ಕಳಿಸ್ಲಿ? ಪೂರ್ತಿ ಬರೆದು ಕಳಿಸ್ಬೇಕಾ, ಮೊದ್ಲು ಕೇಳ್ಬೇಕಾ?

ಪುರವಣಿ_ಪುಟ:

ನಾನು ಪುರವಣಿ ನೋಡ್ಕೊಳ್ಳೋಳು, ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡ್ಲೇಬೇಕು.

ನಿಮ್ಮ ಸೇತುವೆ ವಿಷಯ ಚೆನ್ನಾಗಿದೆ, ನಿಜವಾಗ್ಲೂ. ಸೇತುವೆ ಬೇಕಿತ್ತು ಅಂತಾನೂ ಹೇಳ್ತಿದೀರಿ, ಅದ್ರಿಂದ ಯಾರ ಹೊಟ್ಟೆಪಾಡು ಬದಲಾಯ್ತು ಅಂತಾನೂ ನೋಡ್ತಿದೀರಿ. ಎರಡೂ ಇರ್ಲಿ, ಒಂದನ್ನ ಬಿಟ್ರೆ ಲೇಖನ ಸಪ್ಪೆ ಆಗುತ್ತೆ.

ಮೊದ್ಲು ಕೇಳಿ, ಆದ್ರೆ ಕೇಳೋ ಮುಂಚೆ ಒಂದ್ಸಲ ಹೋಗಿ ಬನ್ನಿ. ನಂಗೆ ದಿನಾ ಬರೋ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ನಾನು ಇಂಥ ವಿಷಯದ ಬಗ್ಗೆ ಬರೀಬೇಕು ಅಂದ್ಕೊಂಡಿದೀನಿ ಅಂತ ಇರುತ್ತೆ, ಯಾರನ್ನೂ ಮಾತಾಡ್ಸಿರಲ್ಲ. ನೀವು ಹೀಗೆ ಬರೀರಿ: "ಮೇಡಂ, ಸಿಗಂದೂರು ಸೇತುವೆ ಆದ ಮೇಲೆ ಹೊಳೆಬಾಗಿಲಿನ ಅಂಗಡಿಯವರು, ಕಳಸವಳ್ಳಿ ಕಡೆಯ ಜೀಪ್ ಚಾಲಕರು ಏನು ಮಾಡುತ್ತಿದ್ದಾರೆ ಎಂಬ ಬಗ್ಗೆ 700 ಪದಗಳ ಲೇಖನ ಕಳಿಸಬಹುದೇ? ಅಂಗಡಿ ಮುಚ್ಚಿದವರು, ಮುಚ್ಚದೆ ಉಳಿದವರು, ತುಮರಿಯ ಆಶಾ ಕಾರ್ಯಕರ್ತೆ ಇವರನ್ನು ಮಾತಾಡಿಸಿದ್ದೇನೆ. ಫೋಟೊ ನನ್ನವೇ. ನಾನು ಸಾಗರದವಳು, ಜರ್ನಲಿಸಂ ಎಂಎ ಮುಗಿಸುತ್ತಿದ್ದೇನೆ." ಇಷ್ಟು ಸಾಕು. ಬಯೊಡೇಟಾ ಬೇಡ, ಬಾಲ್ಯದಿಂದ ಬರವಣಿಗೆಯಲ್ಲಿ ಆಸಕ್ತಿ ಅನ್ನೋ ಪ್ಯಾರಾ ಬೇಡ. ಎರಡು ವಾರ ಉತ್ತರ ಬರ್ಲಿಲ್ಲ ಅಂದ್ರೆ ಒಂದು ನೆನಪೋಲೆ ಕಳ್ಸಿ, ಆಮೇಲೂ ಬರ್ಲಿಲ್ಲ ಅಂದ್ರೆ ಬೇರೆ ಪತ್ರಿಕೆಗೆ ಕೊಡಿ, ಆದ್ರೆ ಒಂದೇ ಲೇಖನ ಇಬ್ರಿಗೆ ಒಟ್ಟಿಗೆ ಕಳಿಸ್ಬೇಡಿ. ಎರಡೂ ಕಡೆ ಪ್ರಿಂಟ್ ಆಗಿಬಿಟ್ರೆ ಮತ್ತೆ ನಿಮ್ಮ ಮೇಲ್ ತೆಗೆಯೋಕೆ ಹಿಂದೆಮುಂದೆ ನೋಡ್ತೀವಿ.

ಟೈಪಿಂಗ್ ಯುನಿಕೋಡ್‌ನಲ್ಲಿರ್ಲಿ. ಹಳೇ ನುಡಿ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿ ಕಳ್ಸೋರು ಇನ್ನೂ ಇದಾರೆ, ಕನ್ವರ್ಟ್ ಮಾಡಿದ್ರೆ ಒತ್ತಕ್ಷರ ಎಲ್ಲಾ ಹಾಳಾಗಿರುತ್ತೆ. ಪಿಡಿಎಫ್ ಅಂತೂ ಬೇಡ್ವೇ ಬೇಡ, ಮೇಲ್ ಒಳಗೇ ಪೇಸ್ಟ್ ಮಾಡಿ, ವರ್ಡ್ ಫೈಲೂ ಇರ್ಲಿ.

ಇನ್ನು ಬರಿಯೋ ವಿಚಾರ. ಶರಾವತಿ ಹಿನ್ನೀರು, ಹಸಿರು, ಮಂಜು ಅಂತ ಮೊದಲ ಪ್ಯಾರಾ ಬರೀಬೇಡಿ, ನಿಮ್ಮ ಕಡೆಯಿಂದ ಬರೋ ಎಲ್ಲಾ ಲೇಖನಾನೂ ಅಲ್ಲಿಂದಾನೇ ಶುರುವಾಗುತ್ತೆ. ಅಂಗಡಿಯವ್ರು ಬೆಳಿಗ್ಗೆ ಎಷ್ಟು ಹಾಲು ತರಿಸ್ತಿದ್ರು, ಈಗ ಎಷ್ಟು, ಅಲ್ಲಿಂದ ಶುರು ಮಾಡಿ. ಸೇತುವೆ ಉದ್ದ 2.44 ಕಿ.ಮೀ., ಕೇಬಲ್ ಸೇತುವೆ, ಇದು ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿ, ಎಲ್ರೂ ಅದನ್ನ ಬರೆದಾಗಿದೆ.

ಮುಳುಗಡೆ ಬಗ್ಗೆ ನಿಮ್ಮನೆ ವಿಷಯ ಅಂದ್ರಿ. ಬರೀರಿ, ಆದ್ರೆ ಅದನ್ನ ಎರಡನೇದಾಗಿ ಬರೀರಿ. ನಿಮ್ಮನೆಯವ್ರನ್ನ ಮಾತ್ರ ಅಲ್ದೆ ಬೇರೆ ಮನೆಗಳ ಕಾಗದಾನೂ ನೋಡಿ, ಕಂದಾಯ ಇಲಾಖೆಯವರು, ಅರಣ್ಯ ಇಲಾಖೆಯವರು ಏನಂತಾರೆ ಕೇಳಿ, ಮೇಲೆ ಆರ್‌ಟಿಐ ಬಗ್ಗೆ ಹೇಳಿದಾರಲ್ಲ, ಅದು ಇಲ್ಲಿ ಬೇಕು. ಲೇಖನದಲ್ಲಿ ನಿಮ್ಮ ಅಜ್ಜನ ಮನೆ ಇದ್ರೆ ಅದನ್ನ ಓದುಗರಿಗೆ ನೇರವಾಗಿ ಹೇಳಿಬಿಡಿ, ಮುಚ್ಚಿಡೋದು ಬೇಡ.

ತಾಲ್ಲೂಕು_ವರದಿ:

ಪುರವಣಿ ಮೇಡಂ ಎಲ್ಲಾ ಹೇಳಿದ್ರು, ನಾನು ಊರಲ್ಲೇ ಇರ್ತೀನಿ ಅನ್ನೋರಿಗೆ ಒಂದು ಮಾತು. ತಾಲ್ಲೂಕಲ್ಲಿ ಸ್ಟ್ರಿಂಗರ್ (ಅರೆಕಾಲಿಕ ವರದಿಗಾರ) ಆದ್ರೆ ಸಂಬಳ ಅಂತ ಇರೋದು ಅಪರೂಪ, ಸುದ್ದಿಗಿಷ್ಟು ಅಂತ ಸ್ವಲ್ಪ ಬರುತ್ತೆ, ವಿಶೇಷ ಪುರವಣಿ ಬಂದ್ರೆ ಜಾಹೀರಾತು ಮಾಡ್ಸಿ ಅಂತಾರೆ. ಗ್ರಾಮ ಪಂಚಾಯ್ತಿ ಅಧ್ಯಕ್ಷರ ಹತ್ರ ಶುಭಾಶಯ ಜಾಹೀರಾತು ತಗೊಂಡು ಮಾರನೇ ವಾರ ಅದೇ ಪಂಚಾಯ್ತಿ ಮೇಲೆ ಬರಿಯೋದು ತುಂಬಾ ಕಷ್ಟ. ಸೇರೋದಾದ್ರೆ ಜಾಹೀರಾತು ನನ್ನ ಕೆಲಸ ಅಲ್ಲ ಅಂತ ಮೊದಲ ದಿನಾನೇ ಹೇಳಿ, ಒಪ್ಪಿದ್ರೆ ಮಾತ್ರ ಸೇರಿ.

ಶಂಕರಘಟ್ಟದಲ್ಲಿದ್ದು ಆಕಾಶವಾಣಿ ಭದ್ರಾವತಿ ಕಡೆ ಹೋಗಿಲ್ವಾ? ಹಾಸ್ಟೆಲ್ ಬಿಡೋ ಮುಂಚೆ ಹೋಗಿ ಬನ್ನಿ, ಯುವಜನರ ಕಾರ್ಯಕ್ರಮಕ್ಕೆ ಮಾತು, ರೂಪಕ ಏನಾದ್ರೂ ಬರ್ಕೊಡ್ತೀನಿ ಅಂತ ಕೇಳಿ. ಬೆಂಗಳೂರು, ಧಾರವಾಡ ಪ್ರಾದೇಶಿಕ ಸುದ್ದಿ ವಿಭಾಗದವರು ಹಂಗಾಮಿ ಸುದ್ದಿವಾಚಕರು, ಅನುವಾದಕರನ್ನ ತಗೊಳ್ಳೋಕೆ ಪರೀಕ್ಷೆ ಕರೀತಾರೆ, ಪ್ರಕಟಣೆ ನೋಡ್ತಾ ಇರಿ. ಎಸ್‌ಸಿ, ಎಸ್‌ಟಿ ಫ್ರೆಂಡ್ಸ್ ಇದ್ರೆ ಅವರಿಗೆ ವಾರ್ತಾ ಇಲಾಖೆಯ ಅಪ್ರೆಂಟಿಸ್ ತರಬೇತಿ ಬಗ್ಗೆ ಹೇಳಿ, ಸ್ಟೈಪೆಂಡ್ ಕೊಡ್ತಾರೆ, ಜಿಲ್ಲಾ ಕಚೇರಿಲೇ ಅರ್ಜಿ ವಿಚಾರಿಸ್ಬಹುದು.

ಮುಳುಗಡೆ_ಹುಡುಗಿ:

ಚಾನೆಲ್‌ನವರಿಗೆ ಮೇಲ್ ಮಾಡಿ ಆಫರ್ ಲೆಟರ್ ಕೇಳಿದೀನಿ ಅಕ್ಕ, ನೌಕರಿನಾ ಕನ್ಸಲ್ಟೆಂಟಾ ಅಂತಾನೂ ಕೇಳಿದೆ, ನೋಡ್ಬೇಕು ಏನಂತಾರೆ. ಪೇಪರ್ ಟೆಸ್ಟಿಗೆ ಓದೋಕೆ ಶುರು ಮಾಡ್ತೀನಿ, ಇವತ್ತು ಒಂದು ಹೈಕೋರ್ಟ್ ಸುದ್ದಿ ಮಾಡಿದೆ, ಅಮ್ಮಂಗೆ ಓದಿ ಹೇಳ್ದೆ, ಅರ್ಥ ಆಯ್ತು ಅಂದ್ರು. ವೈವಾ ಮುಗಿದ ಮೇಲೆ ಹೊಳೆಬಾಗಿಲಿಗೆ ಹೋಗ್ತೀನಿ. ನನ್ನ ಹತ್ರ ಕ್ಯಾಮೆರಾ ಇಲ್ಲ ಮೇಡಂ, ಫೋನಲ್ಲಿ ತೆಗೆದ ಫೋಟೊ ಆಗುತ್ತಾ?

ಪುರವಣಿ_ಪುಟ:

ಆಗುತ್ತೆ. ಫೋನ್ ಅಡ್ಡ ಹಿಡಿದು ತೆಗೀರಿ, ಝೂಮ್ ಮಾಡ್ಬೇಡಿ, ಹತ್ರ ಹೋಗಿ. ವಾಟ್ಸಾಪಲ್ಲಿ ಕಳಿಸ್ಬೇಡಿ, ಸೈಜ್ ಕುಗ್ಗುತ್ತೆ, ಮೇಲ್‌ಗೆ ಒರಿಜಿನಲ್ ಅಟ್ಯಾಚ್ ಮಾಡಿ. ಫೋಟೊದಲ್ಲಿರೋರ ಹೆಸರು ಎಡದಿಂದ ಬಲಕ್ಕೆ ಬರೆದು ಕಳ್ಸಿ, ಪೇಪರಲ್ಲಿ ಹಾಕ್ಬಹುದಾ ಅಂತ ಅವರನ್ನ ಕೇಳಿಯೇ ತೆಗೀರಿ.